ಒಳಗ ಬಾ ಅಂದ್ರ ಬರ್ತೀನಿ

ಈ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲನೇ ಸಲ ಹೆದರೋಣ ಅಂತ ಕೂತೆ, ಅಳು ಬಂತು. ಎರಡನೇ ಸಲ ಒಂದಿಷ್ಟು ಅತ್ತು ಹಗುರಾಗೋಣ ಅಂತ ಕೂತೆ, ಹೆದರಿಕೆ ಬಂತು. ದೆವ್ವ ನೋಡಿ ಅಲ್ಲ. ಯಾರನ್ನ ನೋಡಿ ಅಂತ ಆಮೇಲೆ ಹೇಳ್ತೀನಿ.

ಸಿನಿಮಾದ ಹೆಸರು ‘ಲೆಟ್ ದ ರೈಟ್ ಒನ್ ಇನ್’. 2008ರ ಸ್ವೀಡಿಷ್ ಸಿನಿಮಾ, ನಿರ್ದೇಶಕ ಟೊಮಾಸ್ ಆಲ್ಫ್ರೆಡ್‌ಸನ್. ಯೋನ್ ಐವಿಡೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಬರೆದ ಕಾದಂಬರಿ ಇದರ ಮೂಲ. ಚಿತ್ರಕಥೆಯೂ ಅವರದೇ. ಕ್ಯಾಮೆರಾ ಹಿಂದೆ ಇದ್ದವರು ಹೊಯ್ಟೆ ವಾನ್ ಹೊಯ್ಟೆಮಾ, ಮುಂದೆ ನೋಲನ್ ಜೊತೆ ‘ಇಂಟರ್‌ಸ್ಟೆಲ್ಲರ್’, ‘ಒಪ್ಪನ್‌ಹೈಮರ್’ ಮಾಡಿದ ಅದೇ ಮನುಷ್ಯ. ಇಷ್ಟು ಹೇಳಿದರೆ ಇದೇನೋ ಫಿಲ್ಮ್ ಫೆಸ್ಟಿವಲ್ ಸರಕು ಅಂದುಕೊಂಡೀರಿ. ಹಾಗೇನಿಲ್ಲ. ಇದು ರಕ್ತ ಕುಡಿಯೋ ಹುಡುಗಿಯ ಕಥೆ. ಕತ್ತು ಕಚ್ಚೋದು, ಗೋಡೆ ಹತ್ತೋದು, ಬಿಸಿಲಿಗೆ ಸುಟ್ಟುಹೋಗೋದು ಎಲ್ಲ ಇದೆ.

ನನಗೆ ವ್ಯಾಂಪೈರ್ ಹೊಸದೇನಲ್ಲ. ನಮ್ಮೂರು ಸೇಡಂ ತಾಲ್ಲೂಕಿನ ಸಣ್ಣ ಹಳ್ಳಿ. ಸುತ್ತ ತೊಗರಿ ಹೊಲ, ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ಗಣಪತಿ ಹಬ್ಬಕ್ಕೆ ಬಾಡಿಗೆ ಟಿವಿ, ವಿಸಿಪಿ ತಂದು ರಾತ್ರಿಯಿಡೀ ಹಿಂದಿ ಸಿನಿಮಾ ಹಾಕುತ್ತಿದ್ದರು. ರಾಮ್ಸೆ ಸಹೋದರರ ‘ಬಂದ್ ದರ್ವಾಜಾ’ ನೋಡಿದ್ದು ಹಾಗೆಯೇ. 1990ರ ಸಿನಿಮಾ, ಅದರಲ್ಲಿ ಡ್ರಾಕುಲಾ ಥರದ ಒಬ್ಬ ದೈತ್ಯ ಇದ್ದಾನೆ. ಅದನ್ನು ನೋಡಿದ ಮೇಲೆ ವಾರಗಟ್ಟಲೆ ರಾತ್ರಿ ಮೂತ್ರಕ್ಕೆ ಹೋಗಲು ಅವ್ವನನ್ನು ಎಬ್ಬಿಸುತ್ತಿದ್ದೆ. ಅದಕ್ಕೂ ಮುಂಚೆ ಗೊತ್ತಿದ್ದದ್ದು ಚಂದಮಾಮದ ಬೇತಾಳ ಒಂದೇ. ಅದು ಪಾಪ, ರಕ್ತ ಕೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿತ್ತು.

2012ರಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷ, ಬಿಟಿಎಂ ಲೇಔಟಿನ ಪಿಜಿಯಲ್ಲಿ ರೂಮ್‌ಮೇಟ್‌ನ ಹಾರ್ಡ್‌ಡಿಸ್ಕಿನಲ್ಲಿ ಈ ಸಿನಿಮಾ ಸಿಕ್ಕಿತು. ಬೇತಾಳ ಮತ್ತು ರಾಮ್ಸೆ, ಇವೆರಡರ ನಡುವೆ ಏನೋ ಇರುತ್ತದೆ ಅಂದುಕೊಂಡು ಶುರು ಮಾಡಿದೆ.

ಸಿನಿಮಾ ಬಂದು ಇಷ್ಟು ವರ್ಷ ಆಗಿದೆ, ಹಾಗಾಗಿ ಕಥೆ ಹೇಳಿಬಿಡುತ್ತೇನೆ. ಹೇಳಿದರೂ ಸಿನಿಮಾ ಕೆಡುವುದಿಲ್ಲ.

1980ರ ದಶಕದ ಆರಂಭ. ಸ್ಟಾಕ್‌ಹೋಮ್ ಹೊರವಲಯದ ಬ್ಲಾಕೆಬರ್ಗ್ ಅನ್ನುವ ಬಡಾವಣೆ. ಎಲ್ಲಾ ಒಂದೇ ಥರದ ಅಪಾರ್ಟ್‌ಮೆಂಟುಗಳು, ಎಲ್ಲೆಲ್ಲೂ ಹಿಮ. ಆಸ್ಕರ್ ಅನ್ನುವ ಹನ್ನೆರಡು ವರ್ಷದ ಹುಡುಗ ಅಮ್ಮನ ಜೊತೆ ಇದ್ದಾನೆ. ಅಪ್ಪ ಬೇರೆ ಕಡೆ. ಶಾಲೆಯಲ್ಲಿ ಕಾನಿ ಅನ್ನುವವನೂ ಅವನ ಗ್ಯಾಂಗೂ ದಿನಾ ಇವನನ್ನು ಹಂದಿ ಅಂತ ಕರೆದು ಹೊಡೆಯುತ್ತಾರೆ. ಇವನು ಬಾಯಿ ಬಿಡುವುದಿಲ್ಲ. ರಾತ್ರಿ ಅಂಗಳಕ್ಕೆ ಬಂದು, ಅವರು ತನಗೆ ಹೇಳಿದ ಮಾತುಗಳನ್ನೇ ಒಂದು ಮರಕ್ಕೆ ಹೇಳುತ್ತ ಚಾಕುವಿನಿಂದ ಚುಚ್ಚುತ್ತಾನೆ. ಹಿಂದೆ ತಿರುಗಿದರೆ ಅಲ್ಲಿ ಒಬ್ಬ ಹುಡುಗಿ. ಅಂಥ ಚಳಿಯಲ್ಲಿ ಕೋಟಿಲ್ಲ. ನಾನು ನಿನ್ನ ಗೆಳತಿ ಆಗೋಕಾಗಲ್ಲ ಅಂತ ಮೊದಲೇ ಹೇಳಿಬಿಡುತ್ತಾಳೆ. ಅವಳ ಹೆಸರು ಎಲಿ. ಪಕ್ಕದ ಮನೆಗೆ ಒಬ್ಬ ವಯಸ್ಸಾದವನ ಜೊತೆ ಹೊಸದಾಗಿ ಬಂದಿದ್ದಾಳೆ.

ಮುಂದೆ ಗೆಳೆತನ ಆಗೇ ಆಗುತ್ತದೆ. ಆಸ್ಕರ್ ಅವಳಿಗೆ ತನ್ನ ರೂಬಿಕ್ಸ್ ಕ್ಯೂಬ್ ಕೊಡುತ್ತಾನೆ, ಅವಳು ಅದನ್ನು ಬಿಡಿಸಿಟ್ಟು ಹೋಗುತ್ತಾಳೆ. ಇಬ್ಬರ ಮಲಗುವ ಕೋಣೆಗಳ ನಡುವೆ ಒಂದೇ ಗೋಡೆ. ಮೋರ್ಸ್ ಸಂಕೇತ ಕಲಿತು ಗೋಡೆ ಬಡಿದು ಮಾತಾಡುತ್ತಾರೆ. ಒಂದು ಸಲ ಅವನು ಕೊಟ್ಟ ಮಿಠಾಯಿಯನ್ನು, ಅವನಿಗೆ ಬೇಜಾರಾಗಬಾರದು ಅಂತ ಅವಳು ತಿನ್ನುತ್ತಾಳೆ. ಹೊಟ್ಟೆಗೆ ಒಗ್ಗುವುದಿಲ್ಲ, ಮರೆಗೆ ಹೋಗಿ ವಾಂತಿ ಮಾಡುತ್ತಾಳೆ. ಅವನು ಏನೂ ಕೇಳದೆ ಅಪ್ಪಿಕೊಳ್ಳುತ್ತಾನೆ. ನಾನು ಹುಡುಗಿ ಅಲ್ಲದಿದ್ದರೂ ನಿನಗೆ ಇಷ್ಟ ಆಗ್ತೀನಾ ಅಂತ ಅವಳು ಕೇಳುತ್ತಾಳೆ. ಆಸ್ಕರ್ ಪಾತ್ರದ ಕೋರೆ ಹೆಡೆಬ್ರಾಂಟ್, ಎಲಿ ಪಾತ್ರದ ಲೀನಾ ಲೆಯಾಂಡರ್ಸನ್, ಇಬ್ಬರೂ ಮಕ್ಕಳೇ. ಆದರೆ ಮುದ್ದು ಮಾಡಿಸಿಕೊಳ್ಳುವ ಮಕ್ಕಳ ನಟನೆ ಒಂದು ಕಡೆಯೂ ಇಲ್ಲ. ಎಲಿಯ ಕಣ್ಣಿನಲ್ಲಂತೂ ನೂರಾರು ವರ್ಷ ಬದುಕಿದವರ ಆಯಾಸ ಇದೆ.

ಇನ್ನೊಂದು ವಿಷಯ ಹೇಳಬೇಕು. ಸಾಮಾನ್ಯವಾಗಿ ಇಂಥ ಸಿನಿಮಾಗಳಲ್ಲಿ ಸಾಯುವವರು ಲೆಕ್ಕಕ್ಕಿಲ್ಲ. ಇಲ್ಲಿ ಹಾಗಲ್ಲ. ಎಲಿ ಸೇತುವೆ ಕೆಳಗೆ ಕೊಲ್ಲುವ ಕುಡುಕ ಯೊಕೆಗೆ ಒಬ್ಬ ಗೆಳೆಯ ಇದ್ದಾನೆ, ಲಾಕೆ. ಅವನು ಸಿನಿಮಾ ಪೂರ್ತಿ ಗೆಳೆಯನನ್ನು ಹುಡುಕುತ್ತಾನೆ, ಗೋಳಾಡುತ್ತಾನೆ. ಆಮೇಲೆ ಅವನ ಪ್ರೇಯಸಿ ವರ್ಜೀನಿಯಾಳೂ ಎಲಿಯ ಬಾಯಿಗೆ ಸಿಕ್ಕು ತಾನೂ ರಕ್ತಕ್ಕೆ ಹಂಬಲಿಸುವಂತಾಗುತ್ತಾಳೆ. ಹಾಗೆ ಬದುಕುವುದು ಬೇಡ ಅಂತ ಆಸ್ಪತ್ರೆಯಲ್ಲಿ ತಾನೇ ಕಿಟಕಿಯ ಪರದೆ ತೆಗೆಸಿ ಬಿಸಿಲಿಗೆ ಮೈಯೊಡ್ಡುತ್ತಾಳೆ. ಎಲಿಯನ್ನು ನಾವು ಪ್ರೀತಿಸುತ್ತೇವೆ, ಅವಳಿಂದ ಹಾಳಾದವರ ಸಂಕಟವನ್ನೂ ನೋಡುತ್ತೇವೆ. ಎರಡರಲ್ಲಿ ಒಂದನ್ನು ಬಿಟ್ಟುಬಿಡಿ ಅಂತ ಸಿನಿಮಾ ಒಮ್ಮೆಯೂ ಹೇಳುವುದಿಲ್ಲ. ಇದರ ಆಳ ಇರುವುದು ಇಲ್ಲಿ.

ಈಗ ಮುಖ್ಯ ದೃಶ್ಯಕ್ಕೆ ಬರುತ್ತೇನೆ.

ವ್ಯಾಂಪೈರ್ ಕಥೆಗಳಿಗೆ ಒಂದು ಹಳೆಯ ನಿಯಮ ಇದೆ. 1897ರ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ದಲ್ಲೂ ಇದೆ. ಮನೆಯವರು ಯಾರಾದರೂ ಕರೆಯದೆ ಅದು ಮೊದಲ ಸಲ ಒಳಗೆ ಬರುವಂತಿಲ್ಲ. ಬಹಳಷ್ಟು ಸಿನಿಮಾಗಳಲ್ಲಿ ಇದು ಬರೀ ಒಂದು ಉಪಾಯ. ಹೀರೋ ಬಾಗಿಲ ಆಚೆ ಇದ್ದಷ್ಟು ಹೊತ್ತು ಬಚಾವು. ಕರೆಯದೆಯೇ ಒಳಗೆ ಬಂದರೆ ಏನಾಗುತ್ತದೆ ಅಂತ ಯಾರೂ ತೋರಿಸಲು ಹೋಗುವುದಿಲ್ಲ. ಈ ಸಿನಿಮಾ ತೋರಿಸುತ್ತದೆ.

ಅಷ್ಟು ಹೊತ್ತಿಗೆ ಎಲಿ ಏನು ಅಂತ ಆಸ್ಕರ್‌ಗೆ ಗೊತ್ತಾಗಿದೆ. ಅಮ್ಮ ಮನೆಯಲ್ಲಿಲ್ಲ. ಎಲಿ ಬಾಗಿಲಲ್ಲಿ ನಿಂತು, ಬಾ ಅಂತ ಕರಿ ಅನ್ನುತ್ತಾಳೆ. ಅವನು ಬಾಯಲ್ಲಿ ಹೇಳುವುದಿಲ್ಲ. ಕೈಸನ್ನೆ ಮಾಡುತ್ತಾನೆ, ಸ್ವಲ್ಪ ಚೇಷ್ಟೆ, ಸ್ವಲ್ಪ ಸೊಕ್ಕು. ಕರೆಯದಿದ್ದರೆ ಏನಾಗುತ್ತೆ, ಇಲ್ಲೇನು ಅಡ್ಡ ಇದೆಯಾ ಅನ್ನುತ್ತಾನೆ. ಅವಳು ಏನೂ ಹೇಳದೆ ಒಳಗೆ ಕಾಲಿಡುತ್ತಾಳೆ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಮೈ ನಡುಗಲು ಶುರುವಾಗುತ್ತದೆ. ಬೆನ್ನಿನಿಂದ, ಕಿವಿಯಿಂದ, ಕಣ್ಣಿನಿಂದ ರಕ್ತ ಒಸರುತ್ತದೆ. ಆಸ್ಕರ್ ಬೆಚ್ಚಿಬಿದ್ದು ಒಳಗೆ ಬಾ ಅಂತ ಕಿರುಚುತ್ತಾನೆ, ಹೋಗಿ ಅಪ್ಪಿಕೊಳ್ಳುತ್ತಾನೆ. ರಕ್ತ ನಿಲ್ಲುತ್ತದೆ.

ನಿಯಮ ಮುರಿದರೆ ಮನೆಯವರಿಗೆ ಏನೂ ಆಗುವುದಿಲ್ಲ, ನೋಡಿ. ಹೊಸ್ತಿಲು ದಾಟಿದವಳ ಮೈಯೇ ಒಡೆಯುತ್ತದೆ.

ಮೊದಲ ಸಲ ಈ ದೃಶ್ಯ ನೋಡಿ ಅತ್ತೆ ಅಂದೆನಲ್ಲ, ಅತ್ತದ್ದು ನನಗೋಸ್ಕರ. ನಾನೇ ಎಲಿ ಅಂದುಕೊಂಡಿದ್ದೆ. ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಬಾಯಿ ತೆರೆದರೆ ಆಫೀಸಿನ ಕನ್ನಡದವರೇ ನಗುತ್ತಿದ್ದರು. ಗುಲ್ಬರ್ಗಾ ಆಂಧ್ರದಲ್ಲಿ ಇರೋದಲ್ವಾ ಅಂತ ಒಬ್ಬರು ನಿಜಕ್ಕೂ ಕೇಳಿದ್ದರು. ಮನೆ ಹುಡುಕಲು ಹೋದರೆ ಓನರ್ ಮೊದಲು ಊರು ಕೇಳುತ್ತಿದ್ದರು, ಆಮೇಲೆ ಸುತ್ತಿ ಬಳಸಿ ಜಾತಿ ಕೇಳುತ್ತಿದ್ದರು, ಕೊನೆಗೆ ಫೋನ್ ಮಾಡ್ತೀವಿ ಅನ್ನುತ್ತಿದ್ದರು. ರಾತ್ರಿ ಶಿಫ್ಟ್ ಮುಗಿಸಿ ಬೆಳಗಾಗುವ ಮುಂಚೆ ಬಂದು ಕರ್ಟನ್ ಎಳೆದು ಮಲಗುತ್ತಿದ್ದೆ. ವ್ಯಾಂಪೈರ್ ಆಗಲು ಇನ್ನೇನು ಬೇಕು? ಯಾರಾದರೂ ಒಬ್ಬರು ಮನಸಾರೆ ಒಳಗೆ ಬಾ ಅಂದರೆ ಸಾಕು ಅನ್ನುವ ಸ್ಥಿತಿಯಲ್ಲಿ ಆ ದೃಶ್ಯ ನೋಡಿದರೆ ಯಾರಿಗಾದರೂ ಅಳು ಬರುತ್ತದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನಕ್ಕೆ ಅರ್ಥ ಆಗುತ್ತದೆ ಅಂತ ಗೊತ್ತು. ಆ ಓದು ತಪ್ಪಲ್ಲ, ಆದರೆ ಅರ್ಧ ಮಾತ್ರ.

ಎರಡನೇ ಸಲ ನೋಡಿದ್ದು 2025ರ ದೀಪಾವಳಿಗೆ ಊರಿಗೆ ಹೋಗುವಾಗ, ಉದ್ಯಾನ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ, ಫೋನಿನಲ್ಲಿ. ಅದೇ ದೃಶ್ಯ ಬಂತು. ಈ ಸಲ ನನ್ನ ಕಣ್ಣು ಎಲಿಯ ಮೇಲೆ ಇರಲಿಲ್ಲ. ಕೈಸನ್ನೆ ಮಾಡುತ್ತಿದ್ದ ಆಸ್ಕರ್ ಮೇಲೆ ಇತ್ತು. ದಿನಾ ಏಟು ತಿನ್ನುವ ಹುಡುಗ ಅವನು. ಸಿನಿಮಾದ ಅತ್ಯಂತ ದುರ್ಬಲ ಜೀವ. ಅವನಿಗೂ ಒಂದು ಬಾಗಿಲಿದೆ. ಆ ಬಾಗಿಲಲ್ಲಿ ನಿಂತಾಗ ಅವನೇ ಧಣಿ. ತನ್ನ ಮುಂದೆ ಕೇಳಿಕೊಂಡು ನಿಂತವಳನ್ನು ಸ್ವಲ್ಪ ಆಡಿಸಿ ನೋಡೋಣ ಅಂತ ಅವನಿಗೂ ಅನ್ನಿಸುತ್ತದೆ. ಕಾನಿಯಿಂದ ಕಲಿತದ್ದನ್ನು ಅವನು ಮರದ ಮೇಲೆ ಮಾತ್ರ ಪ್ರಯೋಗ ಮಾಡಿಲ್ಲ, ಎಲಿಯ ಮೇಲೂ ಮಾಡಿದ್ದಾನೆ.

ಆ ಹುಡುಗನ ಮುಖ ನನಗೆ ಗೊತ್ತಿತ್ತು.

ನಮ್ಮ ಮನೆ ಕಟ್ಟಿಸಿದ್ದು ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ. ನೆಲಕ್ಕೆ ಶಹಾಬಾದ್ ಪರ್ಸಿ ಹಾಸಿದ್ದರು. ಹಾಸಿದವರು ನನ್ನ ಗೆಳೆಯನ ಅಪ್ಪ. ಗೆಳೆಯನ ಹೆಸರು ಇಲ್ಲಿ ಬೇಡ. ಅವನ ಅಪ್ಪ ಶಹಾಬಾದ್ ಕಡೆಯ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದರು, ಹಾಸುವ ಕೆಲಸವನ್ನೂ ಮಾಡುತ್ತಿದ್ದರು. ಹದಿನೈದು ದಿನ ನಮ್ಮ ಪಡಸಾಲೆ, ಅಡಿಗೆಮನೆ, ದೇವರ ಜಗಲಿಯ ಮುಂದಿನ ಜಾಗ ಎಲ್ಲದರಲ್ಲೂ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲು ಕೂರಿಸಿದರು. ಗೃಹಪ್ರವೇಶ ಆಯಿತು. ಆಮೇಲೆ ಅವರು ಒಳಗೆ ಬರಲಿಲ್ಲ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗೆಳೆಯ ದಿನಾ ಸಾಲಿಗೆ ಕರೆಯಲು ಬರುತ್ತಿದ್ದ. ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಅವ್ವ ಅವನಿಗೆ ಶೇಂಗಾ ಕೊಡುತ್ತಿದ್ದಳು, ರೊಟ್ಟಿ ಕೊಡುತ್ತಿದ್ದಳು, ಮೇಲಿನಿಂದ, ಕೈ ತಾಗದ ಹಾಗೆ. ಕೆಟ್ಟವಳಲ್ಲ ನಮ್ಮವ್ವ. ನಮ್ಮ ಗೋಡೆಯ ಮೇಲೆ ಬಸವಣ್ಣನ ಕ್ಯಾಲೆಂಡರ್ ಇತ್ತು. ಸಾಲಿಯ ವಚನ ಕಂಠಪಾಠ ಸ್ಪರ್ಧೆಯಲ್ಲಿ ಅವನಿಗೆ ಮೊದಲ ಬಹುಮಾನ, ನನಗೆ ಎರಡನೆಯದು.

ಒಂದು ದಿನ ಜೋರು ಮಳೆ. ಅವ ಅಲ್ಲೇ ತೊಯ್ಸಿಕೊಂಡು ನಿಂತಿದ್ದ. ನಾನು ಒಳಗಿನಿಂದ, ಹಲ್ಲು ಕಿಸಿದು, “ಬಾ ನೋಡೂಣು ಒಳಗ, ಏನಾಗ್ತದ?” ಅಂದೆ. ಅದು ಕರೆಯುವ ಧ್ವನಿ ಅಲ್ಲ, ಆಟ ನೋಡುವ ಧ್ವನಿ. ಅವ ಕಟ್ಟೆ ಹತ್ತಿ ಒಂದು ಕಾಲು ಹೊಸ್ತಿಲ ಈಚೆ ಇಟ್ಟ. ಒಳಗಿನಿಂದ ಆಯಿ ಕೂಗಿದಳು. ಏನು ಕೂಗಿದಳು ಅಂತ ಬರೆಯಲು ಇವತ್ತಿಗೂ ಕೈ ಬರುತ್ತಿಲ್ಲ. ಅವ ಕಾಲು ತೆಗೆದುಕೊಂಡು ಮಳೆಯಲ್ಲೇ ಓಡಿದ. ಆಯಿ ಒಂದು ಕೊಡ ನೀರು ತಂದು ಕಲ್ಲು ತೊಳೆದಳು, ಅವನ ಅಪ್ಪ ಹಾಸಿದ ಕಲ್ಲು.

ಆಸ್ಕರ್ ಕೊನೆಗಾದರೂ ಬಾ ಅಂತ ಕಿರುಚಿದ. ನಾನು ಕಿರುಚಲಿಲ್ಲ. ಇಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ, ಮತ್ತು ಸಿನಿಮಾ ನಿಂತಿರುವುದು ಆ ಅಷ್ಟೇ ವ್ಯತ್ಯಾಸದ ಮೇಲೆ. ಮರುದಿನ ಅವ ಮತ್ತೆ ಬಂದ, ಅದೇ ಜಾಗದಲ್ಲಿ ನಿಂತ. ಏನೂ ಆಗಿಲ್ಲದ ಹಾಗೆ ಸಾಲಿಗೆ ಹೋದೆವು.

ಅವೇ ವರ್ಷಗಳಲ್ಲಿ ‘ನಾಳೆ ಬಾ’ ಸುದ್ದಿ ಹಬ್ಬಿತ್ತು. 90ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಎಷ್ಟೋ ಊರುಗಳಲ್ಲಿ ಜನ ಬಾಗಿಲ ಮೇಲೆ ಬರೆದಿದ್ದು ನಿಮಗೂ ನೆನಪಿರಬಹುದು. ರಾತ್ರಿ ದೆವ್ವ ಬಂದು ನಿಮ್ಮವರ ಧ್ವನಿಯಲ್ಲೇ ಬಾಗಿಲು ಬಡಿಯುತ್ತದೆ, ತೆರೆದರೆ ಕಥೆ ಮುಗಿಯಿತು, ‘ನಾಳೆ ಬಾ’ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಇದ್ದ ಹಾಗೆ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಈ ಕಥೆಯನ್ನೇ ಎತ್ತಿಕೊಂಡಿತು. ಅಲ್ಲಿ ದೆವ್ವಕ್ಕೆ ಬೇಕಾಗಿದ್ದದ್ದು ಮರ್ಯಾದೆ ಅಂತ ಕೊನೆಗೆ ಗೊತ್ತಾಗುತ್ತದೆ. ನಮ್ಮ ಮನೆ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದಿದ್ದೆವು. ಬರೆದವನು ನಾನೇ, ಅಕ್ಷರ ದುಂಡಗಿದ್ದವು ಅಂತ. ಬರ್ತಿನಲ್ಲಿ ಮಲಗಿ ಇದು ನೆನಪಾದಾಗ ನಿದ್ದೆ ಹಾರಿಹೋಯಿತು. ದೆವ್ವಕ್ಕಾದರೂ ನಾಳೆ ಬಾ ಅಂದಿದ್ದೆವು. ಅವನಿಗೆ ಅಷ್ಟನ್ನೂ ಅಂದಿರಲಿಲ್ಲ.

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಹೊಸ್ತಿಲು ಒಂದು ಫೈರ್‌ವಾಲ್. ಅನುಮತಿ ಇಲ್ಲದವರಿಗೆಲ್ಲ ಪ್ರವೇಶ ಇಲ್ಲ ಅನ್ನುವುದೇ ಡೀಫಾಲ್ಟ್. ಹಳೇ ಸಿಸ್ಟಮ್ಮುಗಳಲ್ಲಿ ಯಾರು, ಯಾವಾಗ, ಯಾಕೆ ಬರೆದರು ಅಂತ ಗೊತ್ತಿಲ್ಲದ ರೂಲ್‌ಗಳು ಇರುತ್ತವೆ. ಹೊಸಬರು ಕೇಳಿದರೆ, ಅದನ್ನ ಮುಟ್ಟಬೇಡಪ್ಪಾ, ಹಿಂದಿನವರು ಬರೆದಿದ್ದು, ಏನಾದ್ರೂ ಮುರಿದೀತು ಅನ್ನುತ್ತೇವೆ. ಸಂವಿಧಾನ 1950ರಲ್ಲೇ 17ನೇ ವಿಧಿಯಲ್ಲಿ ಈ ರೂಲ್ ಡಿಲೀಟ್ ಮಾಡಿದೆ. ಆದರೆ ನಮ್ಮ ಮನೆಯ ಸರ್ವರಿನಲ್ಲಿ ಅದು ಹಳೇ ಆವೃತ್ತಿಯಲ್ಲೇ ಓಡುತ್ತಿತ್ತು, ಮತ್ತು ಅದನ್ನು ನಡೆಸುತ್ತಿದ್ದವರಲ್ಲಿ ವಚನ ಬಾಯಿಪಾಠ ಮಾಡಿದ್ದ ಒಂಬತ್ತು ವರ್ಷದ ಹುಡುಗನೂ ಒಬ್ಬ.

ಹೊಸ್ತಿಲಿನ ಈ ಕಥೆಯನ್ನು ಇತ್ತೀಚೆಗೆ ಇನ್ನೊಂದು ಸಿನಿಮಾ ನೇರವಾಗಿ ಮುಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೊಮಿನಿಕ್ ಅರುಣ್ ಅವರ ಮಲಯಾಳಂ ‘ಲೋಕಾ’. ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ, ಹಾಗಾಗಿ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅಲ್ಲೂ ರಾತ್ರಿ ಓಡಾಡುವ ಹುಡುಗಿ, ಅವಳನ್ನು ಎದುರು ಮನೆಯಿಂದ ನೋಡುವ ಹುಡುಗ. ಕಲ್ಯಾಣಿ ಪ್ರಿಯದರ್ಶನ್ ಮಾಡಿದ ಆ ಪಾತ್ರ ಕೇರಳದ ಜನಪದ ಕಥೆಯ ಕಳ್ಳಿಯಂಕಾಟ್ಟು ನೀಲಿ. ಅವಳ ಜನರಿಗೆ ಗುಡಿಯೊಳಗೆ ಪ್ರವೇಶ ಇಲ್ಲ. ಆ ಹೊಸ್ತಿಲು ದಾಟಿದ್ದಕ್ಕೆ ಅರಸನ ಕಡೆಯವರು ಅವಳ ಜನರನ್ನೇ ಕೊಲ್ಲುತ್ತಾರೆ. ಆ ಇಡೀ ಫ್ಲ್ಯಾಷ್‌ಬ್ಯಾಕ್ ನೋಡುವಾಗ ನಾನು ಸೀಟಿನ ತುದಿಗೆ ಬಂದಿದ್ದೆ. ರಕ್ತ ಕುಡಿಯುವವಳ ಕಥೆ ಶುರುವಾಗುವುದು ಅವಳವರ ರಕ್ತ ಚೆಲ್ಲಿದ ಕಡೆಯಿಂದ ಅಂತ ಇಷ್ಟು ಜನಪ್ರಿಯ ಸಿನಿಮಾವೊಂದು ಹೇಳಿತಲ್ಲ ಅಂತ ಖುಷಿಯಾಯಿತು. ಆದರೆ ‘ಲೋಕಾ’ಗೆ ಆಮೇಲೆ ಪುರುಸೊತ್ತಿಲ್ಲ. ಸೂಪರ್‌ಹೀರೋ ಸರಣಿ ಕಟ್ಟಬೇಕು, ಮುಂದಿನ ಭಾಗಗಳಿಗೆ ಅತಿಥಿ ನಟರನ್ನು ತೋರಿಸಬೇಕು. ನೀಲಿಯ ನೋವು ಅವಳ ಶಕ್ತಿಗೆ ಕಾರಣವಾಗಿ ಉಳಿಯುತ್ತದೆ, ನಮಗೆ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಲ್ಲಿ ಬಾಗಿಲು ಮುಚ್ಚಿದವನು ಹಳೇ ಕಾಲದ ಒಬ್ಬ ಅರಸ. ಅರಸನನ್ನು ಬೈಯುವುದು ಸುಲಭ, ನಮ್ಮ ಮನೆಯಲ್ಲಿ ಅರಸ ಇರಲಿಲ್ಲ. ಸ್ವೀಡಿಷ್ ಸಿನಿಮಾದಲ್ಲಿ ಬಾಗಿಲ ಹತ್ತಿರ ನಿಂತವನು ಅವಳನ್ನು ಪ್ರೀತಿಸುವ ಹುಡುಗನೇ. ಚುಚ್ಚುವುದು ಅದು.

ಹಾಗಂತ ಈ ಸಿನಿಮಾದಲ್ಲಿ ಕುಂದಿಲ್ಲ ಅಂತಲ್ಲ. ವರ್ಜೀನಿಯಾ ಮೇಲೆ ಬೆಕ್ಕುಗಳು ಎರಗುವ ದೃಶ್ಯ ಕಂಪ್ಯೂಟರ್ ಆಟದ ಹಾಗಿದೆ. ಅಷ್ಟು ಸಂಯಮದ ಸಿನಿಮಾದಲ್ಲಿ ಅದೊಂದು ಕಡೆ ನಗು ಬರುತ್ತದೆ. ಕೊನೆಯ ಈಜುಕೊಳದ ದೃಶ್ಯದ ಬಗ್ಗೆಯೂ ನನಗೆ ತಕರಾರಿದೆ. ಕಾನಿಯ ಅಣ್ಣ ಆಸ್ಕರ್‌ನ ತಲೆ ನೀರಲ್ಲಿ ಮುಳುಗಿಸಿ ಹಿಡಿಯುತ್ತಾನೆ. ಕ್ಯಾಮೆರಾ ನೀರಿನೊಳಗೇ ಇರುತ್ತದೆ. ಮೇಲಿನ ಸದ್ದೆಲ್ಲ ಮಂಕಾಗಿ ಕೇಳುತ್ತದೆ. ಆಮೇಲೆ ಕಡಿದ ಕೈಯೊಂದು ಕೆಳಗೆ ಮುಳುಗುತ್ತದೆ, ಎಲಿಯ ಕಣ್ಣು ಕಾಣುತ್ತದೆ, ಆಸ್ಕರ್ ನಗುತ್ತಾನೆ. ಅದ್ಭುತವಾಗಿ ತೆಗೆದ ದೃಶ್ಯ. ಪಿಜಿಯಲ್ಲಿ ನಾನೂ ರೂಮ್‌ಮೇಟೂ ಚಪ್ಪಾಳೆ ಹೊಡೆದಿದ್ದೆವು. ಸತ್ತವರು ಶಾಲೆಯ ಮಕ್ಕಳು ಅನ್ನುವುದು ಆಮೇಲೆ ಹೊಳೆಯಿತು. ಲಾಕೆಯ ದುಃಖಕ್ಕೆ ಅಷ್ಟು ಜಾಗ ಕೊಟ್ಟ ಸಿನಿಮಾ, ಆ ಮಕ್ಕಳ ಮನೆಯವರಿಗೆ ಒಂದು ಕ್ಷಣವನ್ನೂ ಕೊಡುವುದಿಲ್ಲ.

ಆದರೆ ಲಾಕೆ ಸಾಯುವ ದೃಶ್ಯ ನೆನಪಿಸಿಕೊಳ್ಳಿ. ಹಗಲು ಬಚ್ಚಲಲ್ಲಿ ಮಲಗಿದ್ದ ಎಲಿಯನ್ನು ಕೊಲ್ಲಲು ಅವನು ಚಾಕು ಹಿಡಿದು ಬಂದಿದ್ದಾನೆ. ಆಸ್ಕರ್ ಕೂಗುತ್ತಾನೆ, ಎಲಿ ಎದ್ದು ಲಾಕೆಯ ಮೇಲೆ ಬೀಳುತ್ತಾಳೆ. ಆಗ ಆಸ್ಕರ್ ಏನು ಮಾಡುತ್ತಾನೆ? ಮೆಲ್ಲಗೆ ಹಿಂದೆ ಸರಿದು ಬಚ್ಚಲ ಬಾಗಿಲು ಮುಚ್ಚುತ್ತಾನೆ. ಒಬ್ಬಳಿಗೆ ಬಾಗಿಲು ತೆರೆದವನೇ ಇನ್ನೊಬ್ಬನ ಪಾಲಿಗೆ ಬಾಗಿಲು ಮುಚ್ಚಿದ. ಅಂದರೆ ಸಿನಿಮಾಕ್ಕೆ ಇದೆಲ್ಲ ಗೊತ್ತಿದೆ.

ಹೋಕನ್ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಎಲಿಯ ಜೊತೆಗಿರುವ ವಯಸ್ಸಾದವನು ಅವನೇ. ಅವಳಿಗೋಸ್ಕರ ಕ್ಯಾನು, ಲಾಳಿಕೆ ಹಿಡಿದು ರಕ್ತ ತರಲು ಹೋಗುತ್ತಾನೆ, ಅದೂ ಕೈಗೂಡುವುದಿಲ್ಲ. ಸಿಕ್ಕಿಬಿದ್ದಾಗ ಗುರುತು ಸಿಗಬಾರದು ಅಂತ ತನ್ನ ಮುಖಕ್ಕೆ ತಾನೇ ಆ್ಯಸಿಡ್ ಸುರಿದುಕೊಳ್ಳುತ್ತಾನೆ. ಆಸ್ಪತ್ರೆಯ ಕಿಟಕಿಗೆ ಬಂದ ಎಲಿಗೆ ಕೊನೆಗೆ ತನ್ನ ಕತ್ತನ್ನೇ ಕೊಡುತ್ತಾನೆ. ಅವನೂ ಒಂದು ಕಾಲದಲ್ಲಿ ಆಸ್ಕರ್ ಥರದ ಹುಡುಗ ಆಗಿದ್ದನಾ? ಸಿನಿಮಾ ಹೇಳುವುದಿಲ್ಲ. ಕಾದಂಬರಿಯಲ್ಲಿ ಅವನ ಹಿನ್ನೆಲೆ ಬೇರೆಯೇ ಇದೆ. 2010ರಲ್ಲಿ ಅಮೆರಿಕದಲ್ಲಿ ಮ್ಯಾಟ್ ರೀವ್ಸ್ ಇದನ್ನೇ ‘ಲೆಟ್ ಮಿ ಇನ್’ ಅಂತ ಮತ್ತೆ ಮಾಡಿದಾಗ, ಆ ಮುದುಕ ಹುಡುಗನಾಗಿದ್ದಾಗಲೂ ಅವಳ ಜೊತೆ ಇದ್ದ ಒಂದು ಹಳೇ ಫೋಟೋ ತೋರಿಸಿಬಿಟ್ಟರು. ಪ್ರಶ್ನೆಗೆ ಉತ್ತರ ಸಿಕ್ಕಿತು, ಆದರೆ ರಾತ್ರಿ ನಿದ್ದೆ ಕೆಡಿಸುವ ಗುಣ ಹೋಯಿತು. ಮೂಲದಲ್ಲಿ ಆಸ್ಕರ್ ಕೊನೆಗೆ ರೈಲಿನಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಒಂದು ಪೆಟ್ಟಿಗೆ. ಒಳಗಿನಿಂದ ಟಕ್ ಟಕ್ ಸದ್ದು. ಇವನೂ ಟಕ್ ಟಕ್ ಅಂತ ಉತ್ತರ ಕೊಡುತ್ತಾನೆ. ಅವನು ಪ್ರೀತಿಯ ಕಡೆ ಹೊರಟಿದ್ದಾನೋ, ಇನ್ನೊಬ್ಬ ಹೋಕನ್ ಆಗಲು ಹೊರಟಿದ್ದಾನೋ ಗೊತ್ತಿಲ್ಲ. ಬಾ ಅಂತ ಕರೆದರೆ ಬರೀ ಪುಣ್ಯ ಬರುವುದಿಲ್ಲ, ಆಮೇಲೆ ಬದುಕೇ ಬದಲಾಗುತ್ತದೆ ಅಂತ ಮಾತ್ರ ತಿಳಿಯುತ್ತದೆ.

ಸಿನಿಮಾ ಮುಗಿದಾಗ ನಾನೂ ರೈಲಿನಲ್ಲೇ ಇದ್ದೆ. ಬೆಳಗಾಗುವ ಹೊತ್ತಿಗೆ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಈಗ ವಾಡಿಯಲ್ಲಿ ವೆಲ್ಡಿಂಗ್ ಅಂಗಡಿ ಇದೆ, ಮನೆ ಕಟ್ಟಿಸಿದ್ದಾನೆ. ಸಾಮಾನ್ಯವಾಗಿ ನಾನು ವಾಡಿ ಜಂಕ್ಷನ್ನಿನಲ್ಲಿ ಇಳಿದು ಚಿತ್ತಾಪುರದ ಮೇಲೆ ಸೇಡಂಗೆ ಹೋಗುವ ರೈಲಿಗೆ ಕಾಯುತ್ತ ಕೂರುತ್ತೇನೆ. ಆ ದಿನ ಅವನ ಮನೆಗೆ ಹೋದೆ. ಬಾಗಿಲಲ್ಲಿ ಶೂ ಬಿಚ್ಚುತ್ತ ನಿಂತೆ, ಬೇಕಂತಲೇ ನಿಧಾನವಾಗಿ.

“ಏನಲೇ, ಹೊರಗೇ ನಿಂತಿ? ಒಳಗ ಬಾ,” ಅಂದ.

ನೆಲಕ್ಕೆ ಶಹಾಬಾದ್ ಕಲ್ಲಿರಲಿಲ್ಲ, ಬಿಳಿ ಟೈಲ್ಸ್ ಇತ್ತು. ನಾನು ನೋಡಿದ್ದು ನೋಡಿ, “ಅಪ್ಪ ಹಾಸಿದ್ದೇ ಸಾಕು,” ಅಂದ. ಅವನ ಮಗಳು ನೀರು ತಂದಳು. ಆ ಮಳೆಯ ದಿನ ನೆನಪಿದೆಯಾ ಅಂತ ಕೇಳಿದೆ. ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಾ ಆರ್ತದ, ಕುಡಿ,” ಅಂದ. ಹೊರಡುವಾಗ, “ಮನೀಗಿ ಬಾ. ಆಯಿ ಹೋಗಿ ಆರು ವರ್ಷ ಆತು. ಅವ್ವ ಒಬ್ಬಾಕೆ ಇರ್ತಾಳ. ಒಳಗ ಕೂತು ಊಟ ಮಾಡೂಣು,” ಅಂದೆ. ಹೀಗೆ ಹೇಳಲು ಇಪ್ಪತ್ತೇಳು ವರ್ಷ ಹಿಡಿಯಿತು. “ಬರ್ತೀನಿ ತಗೋ, ನಾಳಿ,” ಅಂದ.

ಮನೆಗೆ ಹೋದ ಮೇಲೆ ಅವ್ವನನ್ನು ಕೇಳಿದೆ, ಅವನನ್ನ ಯಾಕ ಒಂದಿನಾನೂ ಒಳಗ ಕರೀಲಿಲ್ಲ ಅಂತ. ಅವ್ವ ಸುಳ್ಳು ಹೇಳುವವಳಲ್ಲ. ಯೋಚಿಸಿ, ನಿಜ ಅಂತ ನಂಬಿಯೇ ಹೇಳಿದಳು: “ಅವನೇ ಬರ್ತಿರಲಿಲ್ಲಪಾ.”

ವ್ಯಾಂಪೈರ್ ಕಥೆಗಳ ನಿಯಮವೂ ಇದೇ ಅಲ್ಲವಾ? ಅದಕ್ಕೆ ಒಳಗೆ ಬರಲು ಆಗುವುದಿಲ್ಲ ಅನ್ನುತ್ತಾರೆ, ನಾವು ಕರೆಯುವುದಿಲ್ಲ ಅಂತ ಯಾರೂ ಅನ್ನುವುದಿಲ್ಲ. ಆಲ್ಫ್ರೆಡ್‌ಸನ್ ಸಿನಿಮಾ ಆ ಮಾತನ್ನು ತಿರುಗಿಸಿ ಹೇಳಿತು, ಅದಕ್ಕೇ ಅದು ಹಿಮದ ನಾಡಿನಿಂದ ಬಂದು ಸೇಡಂ ಬಿಸಿಲಿನಲ್ಲಿ ನನಗೆ ತಾಗಿತು. ನೋಡ್ರಿ ಒಮ್ಮೆ. ಬಾಗಿಲ ದೃಶ್ಯ ಬಂದಾಗ ಎಲಿಯನ್ನು ನೋಡಿ ಅಳು ಬಂದರೆ ಅಳ್ರಿ. ಆಮೇಲೆ ಹಿಂದಕ್ಕೆ ಹಾಕಿ, ಆ ಹುಡುಗನ ಕೈಯನ್ನೂ ಒಂದು ಸಲ ನೋಡ್ರಿ.

ಮರುದಿನ ಅವ್ವ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಿದ್ದಳು, ಪುಂಡಿಪಲ್ಯ ಮಾಡಿದ್ದಳು. ಪಡಸಾಲೆಯಲ್ಲಿ ಎರಡು ತಾಟು ಇಟ್ಟಿದ್ದಳು. ಮಧ್ಯಾಹ್ನ ಎರಡೂವರೆವರೆಗೆ ಕಾದೆವು. ಅವ ಬರಲಿಲ್ಲ. ಫೋನ್ ಮಾಡಿದರೆ, ಅಂಗಡಿಯಲ್ಲಿ ಕೆಲಸ ಬಂತು ಅಂದ, ನಾಳೆ ನೋಡೋಣ ಅಂದ. ನಾನು ಸರಿ ಅಂದೆ. ನಾಳೆ ಅನ್ನುವ ಹಕ್ಕು ಈಗ ಅವನದು.